ಇಪ್ಪತ್ತೊಂದನೆಯ ದಿನಕ್ಕೆ ಕಿವಿಗೊಟ್ಟ ಡಾ. ಡಿ. ಕೋಮಲ

ಕೋಳಿಯ ಕರುಳು ನೋಡಿ ರೋಗ ಹೇಳುವವರು ನಮ್ಮ ಪಶುವೈದ್ಯ ಲೋಕದಲ್ಲಿ ಅನೇಕರಿದ್ದಾರೆ; ಅದೇ ಕರುಳು ನೋಡಿ, ಆ ಕೋಳಿ ಸಾಕಿದವರಿಗೆ ಯಾರು ಏನನ್ನು ಹೇಳದೆ ಮುಚ್ಚಿಟ್ಟರು ಎಂಬುದನ್ನೂ ಹೇಳಬಲ್ಲವರು ವಿರಳ. ಕಪಿಲೆಯ ದಡದ ನಂಜನಗೂಡಿನಲ್ಲಿ, ಊರ ಹೊರಗಿನ ಕೋಳಿ ರೋಗ ಸಂಶೋಧನಾ ಘಟಕದಲ್ಲಿ ಅಂಥವರೊಬ್ಬರು, ನಡುವೆ ಎರಡು ವರ್ಷ ಬಿಟ್ಟರೆ, ಇಪ್ಪತ್ತೇಳು ವರ್ಷ ಕೂತಿದ್ದರು. ಈ ಮೇ ತಿಂಗಳ ಕೊನೆಯ ದಿನ ಬೀಗದ ಕೈ ಒಪ್ಪಿಸಿ ಹೊರಬಂದ ಡಾ. ಡಿ. ಕೋಮಲ ಅವರನ್ನು ಕುರಿತು ಟಿ. ನರಸೀಪುರದ ಓದು ಬಳಗ ಈ ಸಂಪುಟದಲ್ಲಿ ಬರೆಯಬೇಕಾದದ್ದು ಬಹಳ ಇದೆ. ಆದರೆ ಒಂದು ಸಂಗತಿಯನ್ನು ಬರೆಯದೆ ಉಳಿದದ್ದನ್ನೆಲ್ಲ ಬರೆದರೆ ಅದು ಅವರಿಗೆ ಮಾಡುವ ಅವಮಾನ.

ಅವರು ಬೆನ್ನು ಹತ್ತಿದ್ದು ಕೋಳಿಯ ಕರುಳನ್ನು ಒಳಗಿಂದೊಳಗೇ ಕೊಳೆಸುವ ಒಂದು ಬ್ಯಾಕ್ಟೀರಿಯಾವನ್ನು. ಕ್ಲಾಸ್ಟ್ರಿಡಿಯಂ ಎಂದು ಅದರ ಹೆಸರು. ಅದು ಆರೋಗ್ಯವಾಗಿರುವ ಕೋಳಿಯ ಹೊಟ್ಟೆಯಲ್ಲೂ ಇರುತ್ತದೆ, ಶೆಡ್ಡಿನ ನೆಲದಲ್ಲೂ ಇರುತ್ತದೆ. ಗಾಳಿಯಾಡದ ಜಾಗದಲ್ಲಿ ಬೆಳೆಯುತ್ತದೆ. ಕಷ್ಟ ಬಂದರೆ ಗಟ್ಟಿ ಚಿಪ್ಪಿನೊಳಗೆ ಮುದುಡಿಕೊಂಡು ವರ್ಷಗಟ್ಟಲೆ ಮಣ್ಣಲ್ಲಿ ಮಲಗುತ್ತದೆ. ಅದರಲ್ಲಿ ಕೆಲವು ತಳಿಗಳು ವಿಷ ಉಗುಳುತ್ತವೆ. ಬೇರೊಂದು ಪರಾವಲಂಬಿ ಮರಿಯ ಕರುಳನ್ನು ಗೀರಿದ ಮೇಲೆ ಅದೇ ಗಾಯದಲ್ಲಿ ಈ ವಿಷದ ತಳಿ ಮನೆ ಮಾಡುತ್ತದೆ. ನಿನ್ನೆ ತನಕ ಕುಣಿಯುತ್ತಿದ್ದ ಕೋಳಿ ಇವತ್ತು ಮಧ್ಯಾಹ್ನ ಮೇವು ತಿನ್ನುತ್ತಲೇ ಸಾಯುತ್ತದೆ.

ಕೋಮಲ ಅವರು ಈ ಜೀವಿಯ ಬಳಗವನ್ನು ಮೊದಲು ಕಂಡದ್ದು, ಅಲ್ಲ, ಕೇಳಿದ್ದು, ಒಂಬತ್ತನೆಯ ವಯಸ್ಸಿನಲ್ಲಿ. ಅವರ ತಂದೆ ದೇವಯ್ಯನವರು ಟಿ. ನರಸೀಪುರದ ಆಚೆಯ ಕೇರಿಯೊಂದರವರು. ಊರವರ ದನ ಸತ್ತರೆ ಎಳೆದು ಸುಲಿಯುವ ಕೆಲಸವನ್ನು ಊರು ಅವರ ತಲೆಗೆ ಕಟ್ಟಿತ್ತು. ಆ ಕೆಲಸ ಮಾಡಿದ್ದಕ್ಕೇ ಬಾವಿಯ ಹತ್ತಿರ ಸುಳಿಯಬೇಡ ಎಂದೂ ಊರೇ ಹೇಳಿತ್ತು. ನೀರಿನ ಚೊಂಬು ಹಿಡಿದು ಮಗಳು ಹಿಂದೆ ಹೋಗುತ್ತಿದ್ದಳು. ಒಂದು ದಿನ ಎಳೆಗರುವೊಂದು ಸತ್ತು ಬಿದ್ದಿತ್ತು. ದೇವಯ್ಯ ಅದರ ತೊಡೆಯನ್ನು ಹೆಬ್ಬೆರಳಲ್ಲಿ ಒತ್ತಿದರು. ಚರ್ಮದಡಿಯಿಂದ ಒಣಗಿದ ಎಲೆಯ ಮೇಲೆ ಯಾರೋ ಕಾಲಿಟ್ಟಂತೆ ಚರಚರ ಸದ್ದು ಬಂತು.

"ಕಿವಿ ಮಡಗು ಮಗಾ. ಕೇಳುಸ್ತಾ? ಒಳಗ್ ಯಾರೋ ನಡೀತಾವ್ರೆ."

"ಸತ್ತೋಗದಲ್ಲಪ್ಪ?"

"ಸತ್ತೋಗಿರದು ಕರ. ನಡಿಯೋವು ಸತ್ತಿಲ್ಲ. ಇದ್ನ ಸುಲಿಬಾರ್ದು, ಆಳುದ್ದ ಗುಂಡಿ ತೋಡಿ ಊಳ್ಬೇಕು. ಇಲ್ದಿದ್ರೆ ಮಣ್ಣಲ್ಲಿ ಮಲಗಿದ್ದು ಮುಂದಿನ್ ಮಳೇಲಿ ಎದ್ದು ಬತ್ತದೆ."

ಸೋಮಾರಿತನಕ್ಕೆ ಸುಲಿಯದೆ ಬಿಟ್ಟ ಎಂದು ಕರುವಿನ ಒಡೆಯ ದೇವಯ್ಯನವರಿಗೆ ಬೈದ. ಹನ್ನೆರಡು ವರ್ಷ ಕಳೆದ ಮೇಲೆ ಕಾಲೇಜಿನಲ್ಲಿ ಚಪ್ಪೆ ರೋಗದ ಪಾಠ ಬಂತು. ಅದೂ ಕ್ಲಾಸ್ಟ್ರಿಡಿಯಂ ಕುಲದ್ದೇ, ಅದೂ ಮಣ್ಣಲ್ಲಿ ಮಲಗುವಂಥದ್ದೇ, ಒತ್ತಿದರೆ ಚರಚರ ಎನ್ನುವಂಥದ್ದೇ. ಹಳ್ಳಿಯ ಜನಕ್ಕೆ ಇದೆಲ್ಲ ತಿಳಿಯುವುದಿಲ್ಲ ಎಂದು ಮೇಷ್ಟ್ರು ಹೇಳಿದಾಗ ಕೊನೆಯ ಬೆಂಚಿನಲ್ಲಿದ್ದ ಹುಡುಗಿ ಬಾಯಿ ಬಿಡಲಿಲ್ಲ. ಅಂದು ನುಂಗಿದ ಮಾತನ್ನು ಅವರು ಮುಂದೆ ತಮ್ಮ ಕತ್ತಿಯಿಂದ ಆಡಿದರು. ಅಪ್ಪನನ್ನು ಹಿತ್ತಿಲಿಂದ ಬರಮಾಡಿಕೊಂಡಿದ್ದ ಮನೆಗಳಿಗೇ ಮಗಳು ಜೀಪಿನಲ್ಲಿ ಹೋಗಿ, ಮುಂಬಾಗಿಲಲ್ಲಿ ನಿಂತು, ಸತ್ತ ಪ್ರಾಣಿಯನ್ನು ಕೊಯ್ದು ನೋಡಿ ಬರುತ್ತಿದ್ದರು. "ಮೇಡಂ ಯಾವ್ ಕಡೆಯವ್ರು?" ಎಂದು ಒಬ್ಬ ಯಜಮಾನರು ಕಾಫಿ ಲೋಟ ಹಿಡಿದುಕೊಂಡೇ ಜಾತಿ ವಿಚಾರಿಸಿದ್ದರಂತೆ. "ಕೊಯ್ಯೋ ಕಡೆಯವ್ರು" ಎಂದರಂತೆ ಇವರು.

ಘಟಕದ ಹಿಂದಿನ ಕೋಣೆಯನ್ನು ಭಾನುವಾರಗಳಂದು ಓದು ಬಳಗಕ್ಕೆ ಬಿಟ್ಟುಕೊಟ್ಟದ್ದು, ಕೂಲಿ ಮಾಡುವ ಹೆಂಗಸರಿಗೂ ಸೂಕ್ಷ್ಮದರ್ಶಕದಲ್ಲಿ ಕಣ್ಣಿಡಿಸಿದ್ದು, ಪ್ರಯೋಗಾಲಯದ ವರದಿಯಲ್ಲಿ ಯಾವ ಸಾಲನ್ನು ಮೊದಲು ಹುಡುಕಬೇಕು ಎಂದು ಕಲಿಸಿದ್ದು, ಇವೆಲ್ಲ ಅವರ ಉಪಕಾರಗಳು. ಬಳಗ ಅದನ್ನು ಕಲಿತೆವು ಎಂದುಕೊಂಡಿತ್ತು. ಕಲಿತಿರಲಿಲ್ಲ ಎಂಬುದು ಪುಟ್ಟಲಕ್ಷ್ಮಿಯ ವಿಚಾರದಲ್ಲಿ ಗೊತ್ತಾಯಿತು.

ಎರಡು ಸಾವಿರದ ಹದಿನಾರನೆಯ ಇಸವಿ. ಈ ಸೀಮೆಯಲ್ಲಿ ಒಂದು ಕಂಪನಿ ಮರಿ ಕೊಡುತ್ತದೆ, ಮೇವು ಕೊಡುತ್ತದೆ. ರೈತ ಶೆಡ್ಡು ಕೊಡುತ್ತಾನೆ. ಮರಿಗಳ ಜೊತೆ ಹಗಲೂ ರಾತ್ರಿ ಇರಲು ರೈತ ಒಬ್ಬರನ್ನು ಇಟ್ಟುಕೊಳ್ಳುತ್ತಾನೆ. ಪುಟ್ಟಲಕ್ಷ್ಮಿ ಹಾಗೆ ಶೆಡ್ಡಿನಿಂದ ಶೆಡ್ಡಿಗೆ ಹೋಗುವ ಹೆಣ್ಣುಮಗಳು. ಹನ್ನೊಂದು ವರ್ಷ ಅವಳ ಕೈಗುಣಕ್ಕೆ ಹೆಸರಿತ್ತು. ಆ ವರ್ಷ ಸೋಸಲೆಯ ಶೆಡ್ಡಿನಲ್ಲಿ ಮರಿ ಬಂದ ಇಪ್ಪತ್ತೊಂದನೆಯ ದಿನ ಕೋಳಿಗಳು ಉರುಳಿದವು. ಅವಳು ಚಿಕ್ಕಯ್ಯನಛತ್ರಕ್ಕೆ, ನಂಜುಂಡೇಶ್ ಅವರ ಶೆಡ್ಡಿಗೆ ಬಂದಳು. ಅಲ್ಲೂ ಇಪ್ಪತ್ತೊಂದನೆಯ ದಿನ.

ಕೋಮಲ ಅವರು ಅಲ್ಲಿಗೆ ಹೋದಾಗ ನೆತ್ತಿ ಮೇಲೆ ಬಿಸಿಲು. ಮೂರು ಸಾವಿರ ಕೋಳಿಯ ಶೆಡ್ಡೆಂದರೆ ರಸ್ತೆಗೇ ಗದ್ದಲ ಕೇಳಬೇಕು. ಇಲ್ಲಿ ಒಳಗೆ ಹೊಕ್ಕರೂ ಇಲ್ಲ. ಬದುಕಿದ್ದವು ಸತ್ತವುಗಳ ಬೆನ್ನ ಮೇಲೆ ಹತ್ತಿ ನಿಂತು ಮೇವು ಕುಕ್ಕುತ್ತಿದ್ದವು. ಕುಕ್ಕುವ ಟಕಟಕ ಬಿಟ್ಟರೆ ಬೇರೆ ಉಸಿರಿಲ್ಲ.

"ಇದು ಕಾಯ್ಲೆ ಅಲ್ಲ ಕಣ್ರೀ ಮೇಡಂ," ಎಂದರು ನಂಜುಂಡೇಶ್. "ಕಾಯ್ಲೆ ಆಗಿದ್ರೆ ತೂಕಡಿಸ್ಬೇಕು, ಮೇವು ಬುಡಬೇಕು. ಇವು ತಿಂತಾ ತಿಂತಾನೆ ಸತ್ತವೆ ನೋಡಿ. ಕೊಕ್ಕಲ್ಲಿ ಇನ್ನೂ ಕಾಳದೆ."

ಕೋಮಲ ಅವರು ಒಂದನ್ನು ಎತ್ತಿ ಹೊಟ್ಟೆಯನ್ನು ಹೆಬ್ಬೆರಳಲ್ಲಿ ಒತ್ತಿದರು. ಚರಚರ. ನಲವತ್ತು ವರ್ಷದ ಹಿಂದಿನ ಅದೇ ಸದ್ದು. ಕೊಯ್ದರೆ ಕರುಳು ಗಾಳಿಯಿಂದ ಉಬ್ಬಿತ್ತು. ಒಳಗೋಡೆ ಹಳೆಯ ಟರ್ಕಿ ಟವೆಲ್ಲಿನ ಹಾಗೆ ಒರಟಾಗಿ ಎದ್ದಿತ್ತು.

ಬಾಗಿಲಾಚೆ ಪುಟ್ಟಲಕ್ಷ್ಮಿ ನಿಂತಿದ್ದಳು. ಎರಡೂ ಕೈಗಳನ್ನು ಕಂಕುಳಲ್ಲಿ ಅವಿಸಿಕೊಂಡಿದ್ದಳು, ಚಳಿಯಾದವರ ಹಾಗೆ.

"ಕೈಗೇನಾಯ್ತಕ್ಕ?"

"ಏನೂ ಆಗಿಲ್ಲ ಡಾಕ್ಟ್ರವ್ವ. ಏನೂ ಆಗದಂಗೆ ಇಟ್ಕಂಡಿವ್ನಿ."

ಕಂಪನಿಯ ಸೂಪರ್‌ವೈಸರ್ ಮದನ್ ನಕ್ಕ. "ಮೇಡಂ, ಸುತ್ತ ಮೂವತ್ತು ಶೆಡ್ಡು ನಮ್ದು. ಎಲ್ಲ ಕಡೆ ಒಂದೇ ಮರಿ, ಒಂದೇ ಫೀಡು. ಸಾಯೋದು ಈಯಮ್ಮ ಕಾಲಿಟ್ಟ ಕಡೆ ಮಾತ್ರ. ನಿಮ್ ಸೈನ್ಸು ಇದ್ಕೇನಂತದೆ?"

ಕೋಮಲ ಅವರು ಉಳಿದ ಶೆಡ್ಡುಗಳನ್ನು ವಿಚಾರಿಸಿ ನೋಡಿದರು. ಮದನ್ ಹೇಳಿದ್ದು ನಿಜವಾಗಿತ್ತು.

ಸೋಸಲೆಯಲ್ಲಿದ್ದ ಪುಟ್ಟಲಕ್ಷ್ಮಿಯ ಮಗಳಿಗೆ ಹೆರಿಗೆಯಾಗಿ ಎರಡು ತಿಂಗಳಾಗಿತ್ತು. ಸೋಸಲೆಯ ಸಾವಿನ ನಂತರ ಅವಳು ಮೊಮ್ಮಗುವನ್ನು ಮುಟ್ಟಿರಲಿಲ್ಲ. ಊರು ಹೇಳಿದ್ದನ್ನು ಅವಳು ಊರಿಗಿಂತ ಗಟ್ಟಿಯಾಗಿ ನಂಬಿದ್ದಳು. ಬಡವರಿಗೆ ಮಾಡುವ ಅನ್ಯಾಯದಲ್ಲಿ ಇದಕ್ಕಿಂತ ಕ್ರೂರವಾದದ್ದಿಲ್ಲ: ಅವರ ಕೈಯನ್ನೇ ಅವರಿಗೆ ಹೆದರಿಕೆಯ ವಸ್ತು ಮಾಡುವುದು.

ಬೂದಿ ಹಾಕಿ, ಸೋಪು ಹಾಕಿ ತಿಕ್ಕು ಎಂದು ಕೋಮಲ ಅವರು ಹೇಳಿಕೊಟ್ಟರು. ನಂಜುಂಡೇಶ್ ಅವಳನ್ನು ಬಿಡಿಸಿದರು. ಕೆಲಸದವರು ಸಿಗದ ಹುಲ್ಲಹಳ್ಳಿಯ ಒಂದು ಶೆಡ್ಡು ಅವಳನ್ನು ಇಟ್ಟುಕೊಂಡಿತು. ಅಲ್ಲಿ ಅವಳು ಚರ್ಮ ಕಿತ್ತುಬರುವಷ್ಟು ಕೈ ತಿಕ್ಕಿದಳು. ಕೋಮಲ ಅವರು ಮನೆಯ ಕ್ಯಾಲೆಂಡರಿನಲ್ಲಿ ದಿನ ಎಣಿಸಿದರು. ಇಪ್ಪತ್ತೊಂದನೆಯ ದಿನ ಯಾರೂ ಕರೆಯದೆ, ಬೆಳಿಗ್ಗೆ ಹತ್ತಕ್ಕೇ ಹುಲ್ಲಹಳ್ಳಿಗೆ ಹೋದರು. ಏನೂ ಆಗುವುದಿಲ್ಲ ಎಂದು ನೋಡಲು ಹೋದರೋ, ಆಗುತ್ತದೆ ಎಂಬ ಭಯಕ್ಕೆ ಹೋದರೋ, ಅವರಿಗೇ ತಿಳಿಯದು. ಕೋಳಿಗಳು ಚುರುಕಾಗಿದ್ದವು, ಗದ್ದಲ ಜೋರಾಗಿತ್ತು. ನಾಲೆಯ ಕಡೆಯಿಂದ ತಣ್ಣನೆ ಗಾಳಿ. ಹನ್ನೆರಡೂವರೆಗೆ ಗದ್ದಲ ನಿಂತಿತು. ಯಾರೋ ಹೇಳಿ ನಿಲ್ಲಿಸಿದ ಹಾಗೆ, ಒಮ್ಮೆಗೇ. ಅವರ ಕಾಲ ಬುಡದಲ್ಲಿ ಮೇವು ತಿನ್ನುತ್ತಿದ್ದ ಒಂದು ಕೋಳಿ ಎರಡು ಸಲ ರೆಕ್ಕೆ ಬಡಿದು ಪಕ್ಕಕ್ಕೆ ಉರುಳಿತು. ಆಮೇಲೆ ಆ ಮೂಲೆಯಲ್ಲೊಂದು. ಆಮೇಲೆ ಎಣಿಸಲಿಲ್ಲ.

ಪುಟ್ಟಲಕ್ಷ್ಮಿ ಅಳಲಿಲ್ಲ. ಗಾಯವಾದ ಅಂಗೈಗಳನ್ನು ಮುಂದೆ ಚಾಚಿದಳು. "ಕೊಯ್ದು ನೋಡವ್ವ. ಕೋಳಿ ಕೊಯ್ದಂಗೆ ಇದ್ನೂ ಕೊಯ್ದು ನೋಡು. ಒಳಗೇನ್ ಕೂತದೆ ಏಳು."

ಆ ಕೈಗಳನ್ನು ಹಿಡಿದುಕೊಂಡು, ಮುಖ ನೋಡಲಾರದೆ ಕೋಮಲ ಅವರು ಕಣ್ಣು ಮೇಲೆತ್ತಿದರು. ತೊಲೆಯಲ್ಲಿ ಒಂದು ಬಟ್ಟೆಯ ಗಂಟು ತೂಗುತ್ತಿತ್ತು.

"ಅದೇನಕ್ಕ?"

"ಅದಾ? ಎಪ್ಪು."

"ಎಂಥ ಹೆಪ್ಪು?"

ಹಾಲಿಗೆ ಹೆಪ್ಪು ಹಾಕದೆ ಮೊಸರಾಗುವುದೇ ಎಂಬಂತೆ ಪುಟ್ಟಲಕ್ಷ್ಮಿ ನೋಡಿದಳು. ಶೆಡ್ಡಿನ ನೆಲಕ್ಕೆ ಹಾಸುವ ಭತ್ತದ ಹೊಟ್ಟು ಹೊಸದಾಗಿದ್ದರೆ ಮರಿಗಳಿಗೆ ಒಗ್ಗುವುದಿಲ್ಲ. ಹಿಂದಿನ ಶೆಡ್ಡಿನಲ್ಲಿ ಕೋಳಿ ಓಡಾಡಿ ಹದವಾದ ಹೊಟ್ಟನ್ನು ಒಂದು ಹಿಡಿ ತಂದು ಹೊಸತಕ್ಕೆ ಬೆರೆಸಬೇಕು. ಅವಳ ಅತ್ತೆ ಮಲ್ಲಾಜಮ್ಮ ನಾಟಿಕೋಳಿ ಕಾವಿಗೆ ಕೂರಿಸುವಾಗ ಮಾಡುತ್ತಿದ್ದದ್ದು.

"ಸತ್ತಿರೋ ಶೆಡ್ಡಿಂದಾನೂ ತಂದ್ಯಾ?"

"ಅಯ್ಯೋ ಇಲ್ಲ ಬುಡವ್ವ, ಅಷ್ಟೂ ತಿಳಿಯಲ್ವಾ ನಂಗೆ? ಅದಿನೈದನೇ ದಿನಾನೇ ಕಟ್ಟಿಡ್ತೀನಿ. ಆವಾಗ ಎಲ್ಲ ಚೆಂದಾಗೇ ಇದ್ವು. ಸಾಯೋಕ್ ಮುಂಚಿನ್ ಒಟ್ಟು ಅದು."

ಹದಿನೈದನೆಯ ದಿನ. ಕೋಳಿಗಳು ಚೆನ್ನಾಗಿ ಕಾಣುತ್ತಿದ್ದ ದಿನ, ಸಾವು ಆಗಲೇ ಅವುಗಳ ಹಿಕ್ಕೆಯಲ್ಲಿ ಇಳಿದು ಹೊಟ್ಟಿನಲ್ಲಿ ಬೆರೆತಿದ್ದ ದಿನ. ಅವಳು ಎಚ್ಚರಿಕೆಯಿಂದ, ಪ್ರೀತಿಯಿಂದ, ಒಳ್ಳೆಯದನ್ನೇ ಆರಿಸಿ ಕಟ್ಟಿಕೊಂಡಿದ್ದಳು. ಸೋಸಲೆಯಲ್ಲಿ ವಿಚಾರಿಸಿದರೆ, ಆ ಶೆಡ್ಡು ಎದ್ದಿದ್ದ ಜಾಗದಲ್ಲಿ ಇಪ್ಪತ್ತು ವರ್ಷದ ಹಿಂದೆ ಸತ್ತ ಕೋಳಿ ಹೂಳುವ ಗುಂಡಿ ಇತ್ತು. ಮಲಗಿದ್ದದ್ದು ಎದ್ದು, ಒಂದು ಹೆಣ್ಣುಮಗಳ ಗಂಟಿನಲ್ಲಿ ಕೂತು, ಬಸ್ಸು ಹತ್ತಿ ಊರೂರು ತಿರುಗಿತ್ತು.

ಆದರೆ ಇನ್ನೊಂದು ಪ್ರಶ್ನೆ ಉಳಿದಿತ್ತು. ಆ ಶೆಡ್ಡು ಕಟ್ಟಿ ಆರು ವರ್ಷವಾಗಿತ್ತು. ಮಲಗಿದ್ದದ್ದು ಈಗಲೇ ಏಕೆ ಎದ್ದಿತು? ಕೋಮಲ ಅವರು ಮೇವಿನ ಚೀಲ ತರಿಸಿ ಪರೀಕ್ಷೆ ಮಾಡಿಸಿದರು. ಇದುವರೆಗೆ ಮೇವಿನಲ್ಲೇ ದಿನಾ ಬೆರೆಸಿ ಬರುತ್ತಿದ್ದ ಒಂದು ಔಷಧಿ, ಈ ಜೀವಿಯನ್ನು ತುಳಿದಿಟ್ಟಿದ್ದ ಔಷಧಿ, ಅದರಲ್ಲಿ ಇರಲಿಲ್ಲ. ಕಂಪನಿ ಅದನ್ನು ಸದ್ದಿಲ್ಲದೆ ತೆಗೆದಿತ್ತು. ಚೀಲದ ಮೇಲಿನ ಅಚ್ಚು ಮಾತ್ರ ಹಳೆಯದೇ. ಔಷಧಿ ತೆಗೆಯಬೇಕಾದದ್ದೇ, ಕೋಳಿಗೆ ದಿನಾ ತಿನ್ನಿಸಿದ ಔಷಧಿ ನಾಳೆ ಮನುಷ್ಯರಿಗೆ ನಾಟದಂತಾಗುತ್ತದೆ ಎಂದು ಕೋಮಲ ಅವರೇ ಎಷ್ಟೋ ಕಡೆ ಹೇಳಿದ್ದರು. ತೆಗೆದವರು ಶೆಡ್ಡಿನಲ್ಲಿ ಇರುವವರಿಗೆ ಒಂದು ಮಾತು ಹೇಳಿದ್ದರೆ ಹೊಟ್ಟು ಬದಲಾಗುತ್ತಿತ್ತು, ನೆಲಕ್ಕೆ ಸುಣ್ಣ ಬೀಳುತ್ತಿತ್ತು. ಹೇಳಲಿಲ್ಲ. ಕೂಲಿಯವರಿಗೆ ಏನು ಹೇಳುವುದು?

ಬಾಯಿ ಮಾತಿನಲ್ಲಿ ಇದನ್ನು ಯಾರೂ ನಂಬುವುದಿಲ್ಲ ಎಂದು ಬಲ್ಲ ಕೋಮಲ ಅವರು ಘಟಕದ ಹಿಂದೆ ಮೂರು ಕೋಣೆಗಳಲ್ಲಿ ನೂರು ನೂರು ಮರಿ ಬಿಟ್ಟರು. ಮೊದಲ ಕೋಣೆಯನ್ನು ಪುಟ್ಟಲಕ್ಷ್ಮಿ ನೋಡಿಕೊಳ್ಳಬೇಕು, ಬರಿಗೈಯಲ್ಲಿ. ಆದರೆ ಗಂಟಿನ ಹೊಟ್ಟು ಅಲ್ಲಿಗೆ ಹೋಗಕೂಡದು. ಎರಡನೆಯದಕ್ಕೂ ಮೂರನೆಯದಕ್ಕೂ ಅವಳು ಕಾಲಿಡಕೂಡದು. ಆ ಎರಡಕ್ಕೂ ಗಂಟಿನ ಹೊಟ್ಟನ್ನು ಬೆರೆಸುವವನು ಮದನ್. ಮೊದಲೆರಡಕ್ಕೂ ಔಷಧಿ ತೆಗೆದ ಹೊಸ ಮೇವು. ಮೂರನೆಯದಕ್ಕೆ ಮಾತ್ರ ಔಷಧಿ ಇದ್ದ ಹಳೆಯ ಮೇವು.

"ನನ್ನ ಕೈಯಲ್ಲಾ?" ಎಂದ ಮದನ್. "ಆಗ್ಲಿ ಬಿಡಿ, ನಮ್ಗೇನ್ ಭಯ?"

ಇಪ್ಪತ್ತೊಂದನೆಯ ದಿನ ಅಂಗಳದಲ್ಲಿ ಎಲ್ಲರೂ ಸೇರಿದ್ದರು: ಮದನ್, ನಂಜುಂಡೇಶ್, ಓದು ಬಳಗದ ಏಳೆಂಟು ಮಂದಿ, ಕೋಮಲ ಅವರ ಸಹಾಯಕಿ ಅರ್ಪಿತ. ಪುಟ್ಟಲಕ್ಷ್ಮಿ ಮೊದಲ ಕೋಣೆಯ ಬಾಗಿಲಿಗೆ ಬೆನ್ನು ಮಾಡಿ, ಗೋಡೆ ನೋಡುತ್ತ ಕೂತಿದ್ದಳು.

"ಮದನಾ, ರಾತ್ರಿ ಕೈ ತೊಳ್ಕಂಡು ಉಂಡ್ಯೇನ್ಲಾ?" ಎಂದು ನಂಜುಂಡೇಶ್ ತಮಾಷೆ ಮಾಡಿದರು. ಮೂರು ಕೋಣೆಯಿಂದಲೂ ಕೋಳಿಗಳ ಸದ್ದು ಒಂದೇ ಸಮ ಬರುತ್ತಿತ್ತು. ನೆರಳು ಕಾಲಡಿಗೆ ಬಂತು. ಒಂದು ಗಂಟೆಯ ಸುಮಾರಿಗೆ ಆ ಸದ್ದಿನ ನಡುವಿನ ಒಂದು ಪಾಲು ಕಿತ್ತುಕೊಂಡ ಹಾಗೆ ಇಲ್ಲವಾಯಿತು. ಎರಡನೆಯ ಕೋಣೆ.

ಸಂಜೆಗೆ ಅಲ್ಲಿ ಮೂವತ್ತೊಂದು ಸತ್ತವು. ಮೊದಲ ಕೋಣೆಯಲ್ಲಿ ಒಂದೂ ಇಲ್ಲ. ಮೂರನೆಯದರಲ್ಲೂ ಇಲ್ಲ. ಮದನ್‌ನ ಎರಡೂ ಕೈಗಳು, ಅವನಿಗೇ ಅರಿವಿಲ್ಲದೆ, ಕಂಕುಳಿಗೆ ಹೋಗಿದ್ದವು.

ಕೋಮಲ ಅವರು ಪುಟ್ಟಲಕ್ಷ್ಮಿಯ ಪಕ್ಕ ನೆಲದ ಮೇಲೆ ಕೂತರು. "ಕೈಯಲ್ಲಿಲ್ಲ ಅಕ್ಕ. ಗಂಟಲ್ಲಿತ್ತು."

"ಅಂದ್ರೆ ನಾನೇ ಒತ್ಕಂಡ್ ಓದೆ ಅನ್ನು."

"ಹೌದು. ಹೊತ್ತವಳು ನೀನು. ಅದನ್ನ ಎಬ್ಬಿಸಿದವರು ಬೇರೆ."

ಪುಟ್ಟಲಕ್ಷ್ಮಿ ಎದ್ದು ಡ್ರಮ್ಮಿನ ನೀರಲ್ಲಿ ಕೈ ತೊಳೆದಳು, ತಿಕ್ಕದೆ, ಎಲ್ಲರೂ ತೊಳೆಯುವ ಹಾಗೆ. "ಸೋಸಲೆ ಕಡೀಕೆ ಬಸ್ಸು ಎಷ್ಟೊತ್ತಿಗದೆ? ಮಗ ಆಗ್ಲೇ ಬೋರಲು ಬೀಳ್ತಾ ಅದಂತೆ. ಆವಾಗ್ಲಿಂದ ನಾನು ಎತ್ಕಂಡೇ ಇಲ್ಲ."

ವರದಿ ಬರೆಯುವ ಕಾಲ ಬಂತು. ಹೊಸ ಮೇವಿನ ಸಾಲನ್ನು ಬಿಟ್ಟುಬಿಡಿ ಎಂದು ಕಂಪನಿಯಿಂದ ದೊಡ್ಡವರು ಬಂದು ಹೇಳಿದರು. ಬಿಡದಿದ್ದರೆ ಏನಾಗಬಹುದು ಎಂದೂ ಸೂಚಿಸಿದರು. ಅದು ನಿರೀಕ್ಷಿತ. ಅದರ ಮರುದಿನ ಓದು ಬಳಗದವರೂ ಹೋದರು. ಬೀದಿಯಲ್ಲಿ ಘೋಷಣೆ ಕೂಗಿ ಪಳಗಿದ ಬಳಗ ಅಂದು ತಗ್ಗಿದ ದನಿಯಲ್ಲಿ ಕೇಳಿತು: ಹೊಟ್ಟಿನ ಸಾಲನ್ನು ಬಿಟ್ಟುಬಿಡಿ ಮೇಡಂ, ಬಡವಳ ತಲೆಗೆ ಬರುತ್ತದೆ, ಕಂಪನಿಯ ತಪ್ಪೊಂದೇ ಸಾಕು.

ಕೋಮಲ ಅವರು ಬಾಗಿಲಿನ ಕಡೆ ನೋಡಿದರು. ಪುಟ್ಟಲಕ್ಷ್ಮಿ ಎಲ್ಲ ಕೇಳಿಸಿಕೊಂಡು ನಿಂತಿದ್ದಳು.

"ಆ ಸಾಲು ಇರ್ಲಿ ಬುಡ್ರಪ್ಪ," ಎಂದಳು. "ಅದ್ನ ಬುಟ್ರೆ ನನ್ನಂಗೆ ಗಂಟು ಕಟ್ಕಂಡಿರೋ ಎಂಗಸ್ರಿಗೆ ಯಾರೇಳ್ತೀರಿ? ಅವ್ರ ಶೆಡ್ಡಲ್ಲೂ ಸತ್ರೆ, ಅವ್ರೂ ಮಕ್ಳು ಮುಟ್ದೆ ಕೂರ್ಬೇಕಾ?"

ಎರಡು ಸಾಲೂ ವರದಿಯಲ್ಲಿ ಉಳಿದವು. ಸತ್ಯದಲ್ಲಿ ತನಗೆ ಬೇಕಾದ ಅರ್ಧವನ್ನು ಮಾತ್ರ ಕೇಳಿದ ಬಳಗಕ್ಕೂ ಆ ಕಂಪನಿಗೂ ಅಂದು ಎಷ್ಟು ಅಂತರವಿತ್ತು ಎಂಬ ಲೆಕ್ಕ ಬಳಗಕ್ಕೆ ಇಂದಿಗೂ ನಿದ್ದೆ ಕೆಡಿಸುತ್ತದೆ. ಕೋಮಲ ಅವರಿಗೆ ದೂರದ ಜಿಲ್ಲೆಗೆ ವರ್ಗವಾಯಿತು. ಆದರೆ ವರದಿ ಕೈಯಿಂದ ಕೈಗೆ ಹರಿದಾಡಿತು, ಓದು ಬಳಗ ಅದನ್ನು ಹಳ್ಳಿಯ ಮಾತಿನಲ್ಲಿ ಓದಿ ಹೇಳುತ್ತ ಶೆಡ್ಡು ಶೆಡ್ಡು ಸುತ್ತಿತು. ಮೇವಿನ ಚೀಲದ ಮೇಲೆ ಒಳಗಿರುವುದನ್ನು ಅಚ್ಚು ಹಾಕುವಂತಾಯಿತು. ಎರಡು ವರ್ಷಕ್ಕೆ ಅವರು ನಂಜನಗೂಡಿಗೆ ಮರಳಿದರು.

ಮರಳಿದವರು ಹಿಡಿದದ್ದು ಮಲ್ಲಾಜಮ್ಮನ ಹೆಪ್ಪನ್ನೇ. ರೋಗದ ಹಿಡಿ ರೋಗ ಒಯ್ಯುವುದಾದರೆ, ಆರೋಗ್ಯದ ಹಿಡಿ ಆರೋಗ್ಯ ಒಯ್ಯಬಾರದೇಕೆ? ಪರೀಕ್ಷಿಸಿ ಆರಿಸಿದ ಗಟ್ಟಿಮುಟ್ಟಾದ ಕೋಳಿಗಳ ಕರುಳಿನ ಒಳ್ಳೆಯ ಜೀವಿಗಳನ್ನು ಬೆಳೆಸಿ, ಒಂದು ದಿನದ ಮರಿಗೆ ಕುಡಿಸುವ ಕೆಲಸ ಏಳು ವರ್ಷ ನಡೆಯಿತು. ಆ ಜೀವಿಗಳು ಮೊದಲೇ ಕರುಳಲ್ಲಿ ಜಾಗ ಹಿಡಿದರೆ ಕ್ಲಾಸ್ಟ್ರಿಡಿಯಂಗೆ ಕಾಲೂರಲು ಎಡೆ ಸಿಗುವುದು ಕಷ್ಟ. ಸಾವು ಪೂರ್ತಿ ನಿಲ್ಲಲಿಲ್ಲ. ಔಷಧಿಯಿಲ್ಲದ ಶೆಡ್ಡುಗಳಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಯಿತು. ಹೆಪ್ಪಿಗೆ ಆರಿಸಿದ ಆ ಕೋಳಿಗಳನ್ನು ನೋಡಿಕೊಂಡವಳು ಘಟಕದ ಕೆಲಸಕ್ಕೆ ಸೇರಿದ ಪುಟ್ಟಲಕ್ಷ್ಮಿ.

ಹುಲ್ಲಹಳ್ಳಿಯ ಗಂಟಿನಿಂದ ತೆಗೆದ ವಿಷದ ತಳಿ ಇಂದಿಗೂ ಘಟಕದ ಶೀತಕಪಾಟಿನಲ್ಲಿದೆ. ತಳಿ ಯಾರ ಬಳಿ ಸಿಕ್ಕಿತೋ ಅವರ ಹೆಸರಲ್ಲೇ ಅದನ್ನು ಗುರುತಿಸುವ ರೂಢಿಯಂತೆ ಅರ್ಪಿತ ಅಂದು ಆ ಕೊಳವೆಯ ಮೇಲೆ 'ಪುಟ್ಟಲಕ್ಷ್ಮಿ' ಎಂದು ಬರೆದಿದ್ದಳು. ಕೋಮಲ ಅವರು ಸ್ಪಿರಿಟ್ಟಿನ ಹತ್ತಿಯಿಂದ ಅದನ್ನು ಒರೆಸಿ ಬರಿಯ ಸಂಖ್ಯೆ ಬರೆದರು. ಒಂಬತ್ತು ವರ್ಷ ಕಳೆದು, ಈ ಮೇ ತಿಂಗಳ ಕೊನೆಯ ದಿನ, ಬೀಗದ ಕೈ ಒಪ್ಪಿಸುವ ಮುನ್ನ ಅದೇ ಕಪಾಟು ತೆಗೆದು, ಒಳ್ಳೆಯ ಹೆಪ್ಪಿನ ಕೊಳವೆಯನ್ನು ಹೊರತೆಗೆದು, ಪುಟ್ಟಲಕ್ಷ್ಮಿಯನ್ನು ಕರೆದು ಕೇಳಿದರು: "ಇದಕ್ಕೆ ನಿನ್ನ ಹೆಸರಿಡಲೇನಕ್ಕ?"

"ಇದು ಯಾರ್ನೂ ಕೊಲ್ಲಲ್ಲ ತಾನೆ?"

"ಇಲ್ಲ."

"ಅಂಗಾದ್ರೆ ನಮ್ಮತ್ತೆ ಎಸ್ರೂ ಸೇರ್ಸವ್ವ. ಎಪ್ಪು ಅವಳ್ದು."

ಈಗ ಆ ಕಪಾಟಿನಲ್ಲಿ ಎರಡು ಕೊಳವೆಗಳು ಅಕ್ಕಪಕ್ಕ ಇವೆ. ಒಂದರ ಮೇಲೆ ಇಬ್ಬರು ಹೆಂಗಸರ ಹೆಸರು, ಇನ್ನೊಂದರ ಮೇಲೆ ಯಾರ ಹೆಸರೂ ಇಲ್ಲ. ಹೆಸರಿಲ್ಲದ್ದು ಸತ್ತಿಲ್ಲ, ಮಲಗಿದೆ. ಮಲಗಿರುವುದಕ್ಕೆ ನಿವೃತ್ತಿಯಿಲ್ಲ, ನಾವೆಲ್ಲ ಹೋದ ಮೇಲೂ ಈ ಸೀಮೆಯ ಮಣ್ಣಲ್ಲಿ ಅದು ಕಾಯುತ್ತಲೇ ಇರುತ್ತದೆ. ಆದ್ದರಿಂದ ದೇವಯ್ಯನವರ ಮಗಳಿಗೆ ವಿಶ್ರಾಂತಿಯನ್ನು ಹಾರೈಸುವಷ್ಟು ಉದಾರತೆ ಈ ಬಳಗಕ್ಕಿಲ್ಲ. ಅವರ ಆಯುಷ್ಯ ಉದ್ದವಾಗಲಿ, ಕತ್ತಿ ಹರಿತವಾಗಿರಲಿ. ಯಾವ ಶೆಡ್ಡಿನಲ್ಲಿ ಮಟಮಟ ಮಧ್ಯಾಹ್ನ ಸದ್ದಡಗಿದರೂ ಅದನ್ನು ಮೊದಲು ಕೇಳುವ ಕಿವಿ ಅವರದೇ ಆಗಿರಲಿ.